ಗಂಟಿನಕ್ಕ ಮತ್ತು ಕೆಂಪು ಕೋಟಿನ ತಾತ

ಅಂಗಡಿಯಲ್ಲಿ ಅವಳನ್ನು ಎಲ್ಲರೂ ಗಂಟಿನಕ್ಕ ಎಂದೇ ಕರೆಯುತ್ತಿದ್ದರು. ಸೂಜಿಯಿಂದ ಸೋಫಾದವರೆಗೆ ಎಲ್ಲವೂ ಸಿಗುವ ದೊಡ್ಡ ಅಂಗಡಿ ಅದು. ಮೂರನೆಯ ಅಂತಸ್ತು ಆಟಿಕೆಗಳದ್ದು, ಅದರ ಮೂಲೆಯಲ್ಲಿದ್ದ ಉದ್ದನೆಯ ಮೇಜು ಅವಳದ್ದು. ಗಿರಾಕಿಗಳು ಕೊಂಡದ್ದನ್ನು ಬಣ್ಣದ ಕಾಗದದಲ್ಲಿ ಸುತ್ತಿ, ರಿಬ್ಬನ್ ಕಟ್ಟಿ ಕೊಡುವುದು ಅವಳ ಕೆಲಸ. ಕಾಗದ ಯಾರು ಬೇಕಾದರೂ ಸುತ್ತಬಹುದು. ಆದರೆ ಅವಳು ಹಾಕುವಂಥ ಗಂಟು ಬೇರೆ ಯಾರ ಕೈಗೂ ಬರುತ್ತಿರಲಿಲ್ಲ. ಎಸಳು ಎಸಳಾಗಿ ಹೂವಿನಂತೆ ಅರಳಿ, ಕೆಳಗೊಂದು ಪುಟ್ಟ ಬಾಲ ಇಳಿಬಿಟ್ಟಿರುತ್ತಿತ್ತು. ಮಗು ಆ ಬಾಲ ಹಿಡಿದು ಎಳೆದರೆ ಸಾಕು, ಕತ್ತರಿಯ ಹಂಗಿಲ್ಲದೆ ಇಡೀ ಹೂವು ಬಿಚ್ಚಿಕೊಳ್ಳುತ್ತಿತ್ತು.

“ಊರಿಗೆಲ್ಲ ಗಂಟು ಹಾಕ್ತೀಯ, ನಿನಗೊಂದು ಬ್ರಹ್ಮಗಂಟು ಬೀಳಲಿಲ್ಲವಲ್ಲೇ” ಎಂದು ಬಟ್ಟೆ ವಿಭಾಗದ ಮುದುಕ ದರ್ಜಿ ಕಂಡಾಗಲೆಲ್ಲ ಹೇಳುತ್ತಿದ್ದ. ಅವಳು ನಗುತ್ತಿದ್ದಳು. ಹಳೆಯ ಜೋಕಿಗೆ ನಕ್ಕುಬಿಟ್ಟರೆ ಬೇಗ ಮುಗಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಮದುವೆಯಾಗದಿದ್ದುದಕ್ಕೆ ದೊಡ್ಡ ಕಥೆಯೇನೂ ಇರಲಿಲ್ಲ. ತಾಯಿ ಹಾಸಿಗೆ ಹಿಡಿದಾಗ ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಅಣ್ಣನಿಗೆ ಹೊಸದಾಗಿ ಮದುವೆಯಾಗಿತ್ತು, ಇವಳಿಗೆ ಆಗಿರಲಿಲ್ಲ. ಅಷ್ಟೇ. ತಾಯಿ ಹೋಗುವ ಹೊತ್ತಿಗೆ ಇವಳ ಕೂದಲು ನೆತ್ತಿಯ ಹತ್ತಿರ ಬೆಳ್ಳಗಾಗಿತ್ತು, ಕೇಳಿಕೊಂಡು ಬರುವವರೂ ನಿಂತಿದ್ದರು. ಈಗ ಅವಳು ಅಣ್ಣನ ಮನೆಯ ಹಜಾರದಲ್ಲಿ, ಮಡಚುವ ಮಂಚದ ಮೇಲೆ ಮಲಗುತ್ತಿದ್ದಳು. ಬೆಳಿಗ್ಗೆ ಮೊದಲು ಎದ್ದವರು ಯಾರೇ ಆಗಲಿ, ಅವಳ ಕಾಲು ದಾಟಿಕೊಂಡೇ ಅಡುಗೆಮನೆಗೆ ಹೋಗಬೇಕು. ಅತ್ತಿಗೆ ಕೆಟ್ಟವಳಲ್ಲ. ಒಂದು ದಿನವೂ ಬಿರುಸು ಮಾತಾಡಿದವಳಲ್ಲ. ಆದರೆ ಇವಳು ಮಂಚ ಮಡಚುವುದು ಸ್ವಲ್ಪ ತಡವಾದರೂ ಪಕ್ಕದಲ್ಲಿ ಪೊರಕೆ ಹಿಡಿದು ಸುಮ್ಮನೆ ನಿಂತಿರುತ್ತಿದ್ದಳು.

ವರ್ಷದ ಕೊನೆಯ ರಜೆಗಳು ಹತ್ತಿರ ಬಂದರೆ ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಆಟಿಕೆಗಳ ನಡುವೆ ಒಂದು ದೊಡ್ಡ ಕುರ್ಚಿ ಹಾಕಿ, ಅದರ ಮೇಲೆ ಕೆಂಪು ಕೋಟು, ಬಿಳಿ ಗಡ್ಡದ ಸಾಂಟಾನನ್ನು ಕೂರಿಸುತ್ತಿದ್ದರು. ಮಕ್ಕಳು ಸಾಲಾಗಿ ಬಂದು ಅವನ ತೊಡೆಯೇರಿ ತಮಗೇನು ಬೇಕೋ ಹೇಳಬೇಕು. ತಾಯಿತಂದೆಯರು ಅದನ್ನು ಕೇಳಿಸಿಕೊಂಡು ಪಕ್ಕದ ಕಪಾಟಿನಿಂದ ಕೊಳ್ಳಬೇಕು. ಹಿಂದಿನ ಸಾಂಟಾಗಳೆಲ್ಲ ಒಬ್ಬರಿಗಿಂತ ಒಬ್ಬರು. ಒಬ್ಬ, ತೊಡೆಯ ಮೇಲಿನ ಮಗುವಿಗಿಂತ ಮೊದಲು ತಾನೇ ನಿದ್ದೆ ಹೋಗುತ್ತಿದ್ದ. ಇನ್ನೊಬ್ಬ ಕುಡಿದು ಬಂದು, ಒಬ್ಬಳು ತಾಯಿಯನ್ನೇ ತೊಡೆಯ ಮೇಲೆ ಕೂರಲು ಕರೆದಿದ್ದ.

ಆ ವರ್ಷ ಬಂದವನು ಬೇರೆ ಥರ. ಸಣಕಲು ದೇಹ, ಐವತ್ತರ ಆಸುಪಾಸು. ಹೊಟ್ಟೆ ಬರಲೆಂದು ಕೋಟಿನೊಳಗೆ ಎರಡು ದಿಂಬು ತುರುಕಿಕೊಳ್ಳುತ್ತಿದ್ದ. ಆದರೆ ಮಕ್ಕಳ ಜೊತೆ ಮಾತಿಗಿಳಿದರೆ ಅವನ ದನಿ ಬೆಣ್ಣೆಯಂತೆ ಕರಗುತ್ತಿತ್ತು. ಏನು ಬೇಕು ಎಂದಷ್ಟೇ ಕೇಳಿ ಅವನು ಬಿಡುತ್ತಿರಲಿಲ್ಲ.

“ಮನೇಲಿ ಯಾರ್ಯಾರಿದ್ದೀರಿ ಕಂದಾ?”

“ಅಪ್ಪ, ಅಮ್ಮ, ನಾನು.”

“ಅಜ್ಜಿ ಇಲ್ವಾ?”

“ಅಜ್ಜಿ ಬೇರೆ ಊರಲ್ಲಿದ್ದಾರೆ. ರಜೆಗೆ ನಾವೇ ಅಲ್ಲಿಗೆ ಹೋಗ್ತೀವಿ.”

“ಹೌದಾ! ಯಾವತ್ತು ಹೋಗ್ತೀರಿ? ನಾಯಿಮರೀನೂ ಕರ್ಕೊಂಡು ಹೋಗ್ತೀರಾ?”

ತನ್ನ ಮೇಜಿನಿಂದ ಗಂಟಿನಕ್ಕ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಪಾಪ, ಇವನಿಗೆ ಮನೆ ಅಂತ ಒಂದು ಇಲ್ಲವೇನೋ, ಅದಕ್ಕೇ ಕಂಡವರ ಮನೆಯ ಮಾತು ಇಷ್ಟೊಂದು ಆಸೆಪಟ್ಟು ಕೇಳುತ್ತಾನೆ ಎಂದುಕೊಂಡಳು. ಅದು ಪೂರ್ತಿ ಸುಳ್ಳಾಗಿರಲಿಲ್ಲ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಇಬ್ಬರೂ ಉಗ್ರಾಣದ ಕೋಣೆಯಲ್ಲಿ, ರಟ್ಟಿನ ಪೆಟ್ಟಿಗೆಗಳ ಮೇಲೆ ಕೂರುತ್ತಿದ್ದರು. ಅವನು ಗಡ್ಡವನ್ನು ಕುತ್ತಿಗೆಗೆ ಇಳಿಸಿಕೊಂಡು ತಿನ್ನುತ್ತಿದ್ದ. ಗಡ್ಡವಿಲ್ಲದ ಅವನ ಮುಖ ನೋಡಲು ಮೊದಲ ದಿನ ಅವಳಿಗೆ ನಾಚಿಕೆಯಾಯಿತು, ಬಟ್ಟೆ ಬದಲಿಸುವವರನ್ನು ಕಂಡುಬಿಟ್ಟ ಹಾಗೆ. ಅವನು ತನ್ನ ಬಗ್ಗೆ ಹೆಚ್ಚು ಹೇಳುತ್ತಿರಲಿಲ್ಲ. ಅಕ್ಕನ ಮನೆಯಲ್ಲಿದ್ದೇನೆ, ಭಾವನ ಜೊತೆ ಸಣ್ಣಪುಟ್ಟ ವ್ಯಾಪಾರ, ಮೊದಲು ಬೀಗ ರಿಪೇರಿ ಮಾಡುತ್ತಿದ್ದೆ ಎಂದಷ್ಟೇ. ಆದರೆ ಅವಳ ಮಾತನ್ನು ಕೇಳುತ್ತಿದ್ದ. ಅವಳ ಜೀವಮಾನದಲ್ಲಿ ಯಾರೂ ಅಷ್ಟು ಗಮನ ಕೊಟ್ಟು ಅವಳ ಮಾತು ಕೇಳಿರಲಿಲ್ಲ.

ಒಂದು ದಿನ ಕೇಳಿದ, “ದಿನಾ ಊರ ಮಕ್ಕಳನ್ನೆಲ್ಲ ಕೇಳ್ತೀನಿ, ನಿಮ್ಮನ್ನೇ ಕೇಳಿಲ್ಲ ನೋಡಿ. ನಿಮಗೇನು ಬೇಕು?”

“ನನಗೇನು ಬೇಕು, ಮಣ್ಣು” ಎಂದು ನಕ್ಕಳು.

“ತಮಾಷೆ ಅಲ್ಲ. ಹೇಳಿ.”

ಅವಳು ಬೆರಳಿಗೆ ರಿಬ್ಬನ್ ಚೂರು ಸುತ್ತಿಕೊಳ್ಳುತ್ತಾ ಕೂತಳು. ಆಮೇಲೆ, ಯಾರಿಗೂ ಹೇಳದ ಮಾತು ಬಾಯಿಂದ ಜಾರಿಬಿಟ್ಟಿತು. “ಒಂದು ಬಾಗಿಲು. ಒಳಗಿಂದ ಚಿಲಕ ಹಾಕ್ಕೊಳ್ಳೋ ಅಂಥದ್ದು. ಹಾಕ್ಕೊಂಡು ಸುಮ್ನೆ ಕೂತ್ಕೋಬೇಕು. ಯಾರೂ ಬಂದು ದಾಟಿಕೊಂಡು ಹೋಗಬಾರದು.”

ಅವನು ನಗಲಿಲ್ಲ. ಅವಳಿಗೆ ಅಷ್ಟೇ ಸಾಕಾಗಿತ್ತು. ಆ ದಿನ ಅವಳು ಕಟ್ಟಿದ ಗಂಟುಗಳು ಒಂದಕ್ಕಿಂತ ಒಂದು ದೊಡ್ಡದಾದವು. “ರಿಬ್ಬನ್ ಏನು ನಿಮ್ಮಪ್ಪ ತಂದಿಟ್ಟಿದ್ದಾನೇನಮ್ಮಾ?” ಎಂದು ದಪ್ಪ ಮ್ಯಾನೇಜರು ರೇಗಿದ. ಅವಳಿಗೆ ಬೇಸರವೂ ಆಗಲಿಲ್ಲ.

ಅದಾದ ವಾರದಲ್ಲಿ ಸಾಂಟಾ ಒಂದು ಹಸಿರು ರೈಲು ಎಂಜಿನ್ನನ್ನು ತಾನೇ ಕೊಂಡು ಅವಳ ಮೇಜಿಗೆ ತಂದ. “ಚೆನ್ನಾಗಿ ಸುತ್ತಿಕೊಡಿ. ಸ್ನೇಹಿತನ ಮಗನಿಗೆ” ಎಂದ. ಆಮೇಲೆ ಗಡ್ಡದೊಳಗೇ ತಗ್ಗಿದ ದನಿಯಲ್ಲಿ ಹೇಳಿದ: ಆ ಸ್ನೇಹಿತ ಸಂಸಾರ ಸಮೇತ ಊರಿಗೆ ಹೋಗಿದ್ದಾನೆ, ಗಿಡಗಳಿಗೆ ನೀರು ಹಾಕಲು ತನಗೆ ಹೇಳಿದ್ದಾನೆ, ವಾರದ ರಜೆಯ ದಿನ ಅವಳೂ ಬರುವುದಾದರೆ ಒಂದು ಲೋಟ ಚಹಾ ಕುಡಿದು ಬರಬಹುದು.

ಹಲ್ಲುನೋವು, ವೈದ್ಯರ ಹತ್ತಿರ ಹೋಗಬೇಕು ಎಂದು ಅತ್ತಿಗೆಗೆ ಸುಳ್ಳು ಹೇಳಿ ಅವಳು ಹೊರಟಳು. ದೊಡ್ಡವಳಾದ ಮೇಲೆ ಹೇಳಿದ ಮೊದಲ ಸುಳ್ಳು ಅದು. ಹಾದಿಯುದ್ದಕ್ಕೂ ಕೆನ್ನೆ ಮುಟ್ಟಿ ಮುಟ್ಟಿ ನೋಡಿಕೊಂಡಳು, ನಿಜವಾಗಿಯೂ ಊದಿದೆಯೇನೋ ಎಂಬಂತೆ.

ಮರಗಳಿದ್ದ ಬೀದಿಯಲ್ಲಿ ಒಂದು ಮನೆ. ಅವನು ಬಾಗಿಲಿಗೆ ಮುಖ ಮಾಡಿ, ಅವಳಿಗೆ ಬೆನ್ನು ಮಾಡಿ ಸ್ವಲ್ಪ ಹೊತ್ತು ತಿಣುಕಿದ. “ಹಳೇ ಬೀಗ, ಸ್ವಲ್ಪ ಹಟಮಾರಿ” ಎಂದ. ಒಳಗೆ ಕಿಟಕಿಯ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಬಾಗಿಲ ಚೌಕಟ್ಟಿನ ಮೇಲೆ ಮಗುವಿನ ಎತ್ತರವನ್ನು ಪೆನ್ಸಿಲಿನಲ್ಲಿ ಗೀಚಿದ್ದರು. ಗೀಟುಗಳು ಏಣಿಯಂತೆ ಮೇಲೇರಿದ್ದವು. ಕುರ್ಚಿಯ ಬೆನ್ನಿಗೆ ಯಾರದೋ ಸ್ವೆಟರ್ ನೇತು ಹಾಕಿತ್ತು. ಅವಳು ಅಡುಗೆಮನೆಗೆ ಹೋಗಿ ಡಬ್ಬಿಗಳನ್ನು ತೆರೆದು ಮೂಸಿ ಚಹಾಪುಡಿ, ಸಕ್ಕರೆ ಹುಡುಕಿದಳು. ಹಾಲಿರಲಿಲ್ಲ. ಕರಿ ಚಹಾವನ್ನೇ ಎರಡು ಲೋಟಕ್ಕೆ ಹಾಕಿ ತಂದಳು. ಇಬ್ಬರೂ ಕಿಟಕಿಯ ಹತ್ತಿರ ಕೂತು ಕುಡಿದರು. “ಸಕ್ಕರೆ ಸಾಕಾ?” ಎಂದು ಅವಳು ಕೇಳಿದಳು. “ಸಾಕು” ಎಂದ. ಈ ಎರಡು ಮಾತನ್ನು ಬೇರೆ ಹೆಂಗಸರು ದಿನಾ ಆಡುತ್ತಾರಲ್ಲ ಎಂದು ಅವಳಿಗೆ ಅನ್ನಿಸಿತು.

ಆಮೇಲೆ ಅವನು ಒಂದು ಸಣ್ಣ ಕೋಣೆ ತೋರಿಸಿದ. ಹೊಲಿಗೆ ಯಂತ್ರ, ಒಂದು ಒರಗು ಕುರ್ಚಿ, ಅಷ್ಟೇ ಇದ್ದವು.

“ಹೋಗಿ. ಚಿಲಕ ಹಾಕ್ಕೊಳ್ಳಿ. ನಾನು ಗಿಡಕ್ಕೆ ನೀರು ಹಾಕ್ತಿರ್ತೀನಿ.”

ಅವಳು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಕುರ್ಚಿಯಲ್ಲಿ ಕೂತಳು. ಹೊರಗೆ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಅಳು ಯಾಕೆ ಬಂತೋ ಅವಳಿಗೇ ತಿಳಿಯದು. ಸೆರಗಿನಿಂದ ಒರೆಸಿಕೊಂಡು, ಇನ್ನೂ ಸ್ವಲ್ಪ ಹೊತ್ತು ಕೂತಿದ್ದು ಬಾಗಿಲು ತೆರೆದಳು. ಹೊರಡುವ ಮುನ್ನ ಲೋಟಗಳನ್ನು ತೊಳೆದು ಬೋರಲು ಹಾಕಿದಳು. ಅವನು ಎಂಜಿನ್ ಪೊಟ್ಟಣವನ್ನು ಮಗುವಿನ ದಿಂಬಿನ ಮೇಲಿಟ್ಟು ಬಂದ. ಬೀದಿಯ ತಿರುವಿನವರೆಗೂ ಇಬ್ಬರೂ ಅಕ್ಕಪಕ್ಕ ನಡೆದರು, ತಮ್ಮದೇ ಮನೆಯಿಂದ ಸಂತೆಗೆ ಹೊರಟವರ ಹಾಗೆ.

ರಜೆ ಮುಗಿಯುತ್ತಾ ಬಂದಿತ್ತು. ಒಂದು ಮಧ್ಯಾಹ್ನ ಒಬ್ಬ ಹೆಂಗಸು ಮಗನ ಕೈ ಹಿಡಿದುಕೊಂಡು ಮೇಜಿನ ಮುಂದೆ ಬಂದು ನಿಂತಳು. ಚೀಲದಿಂದ ಹಸಿರು ಎಂಜಿನ್ನು, ಅರ್ಧ ಹರಿದ ಕಾಗದ, ಬಿಚ್ಚಿದ ರಿಬ್ಬನ್ ಎಲ್ಲವನ್ನೂ ತೆಗೆದು ಮೇಜಿನ ಮೇಲಿಟ್ಟಳು.

“ಇದು ನಿಮ್ಮ ಅಂಗಡಿಯದೇ ತಾನೇ? ಇದನ್ನ ಯಾರು ಕೊಂಡ್ರು ಅಂತ ಹೇಳೋಕಾಗುತ್ತಾ?”

“ಯಾಕಮ್ಮಾ, ಏನಾಯ್ತು?”

“ನಾವು ಊರಿಗೆ ಹೋಗಿದ್ವಿ. ವಾಪಸು ಬಂದು ನೋಡಿದ್ರೆ ಮನೆ ಗುಡಿಸಿ ಗುಂಡಾಂತರ ಮಾಡಿದ್ದಾರೆ. ಬೆಳ್ಳಿ, ರೇಡಿಯೋ, ನನ್ನ ತಾಯಿ ಕೊಟ್ಟ ಬಳೆ, ಏನೂ ಬಿಟ್ಟಿಲ್ಲ. ಇದೊಂದನ್ನ ಇವನ ದಿಂಬಿನ ಮೇಲೆ ಇಟ್ಟು ಹೋಗಿದ್ದಾರೆ. ಇಂಥ ಕಳ್ಳರನ್ನ ಎಲ್ಲಾದ್ರೂ ಕೇಳಿದ್ದೀರಾ? ಗಿಡಕ್ಕೆಲ್ಲ ನೀರು ಹಾಕಿದ್ದಾರೆ! ಚಹಾ ಮಾಡ್ಕೊಂಡು ಕುಡಿದಿದ್ದಾರೆ. ಇಬ್ಬರಿರಬೇಕು. ಎರಡು ಲೋಟ ತೊಳೆದು ಬೋರಲು ಹಾಕಿತ್ತು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಗಂಟಿನಕ್ಕನ ಎರಡೂ ಕೈ ತಾವಾಗಿಯೇ ಮೇಜಿನ ಕೆಳಗೆ ಹೋದವು.

ಹುಡುಗನಿಗೆ ಮಾತ್ರ ಯಾವ ದುಃಖವೂ ಇರಲಿಲ್ಲ. “ಹಸಿರು ಎಂಜಿನ್ ಬೇಕು ಅಂತ ನಾನು ಸಾಂಟಾಗೆ ಮಾತ್ರ ಕಿವೀಲಿ ಹೇಳಿದ್ದೆ. ಅಮ್ಮಂಗೂ ಗೊತ್ತಿರಲಿಲ್ಲ” ಎಂದು ಹೆಮ್ಮೆಯಿಂದ ಹೇಳಿದ. ತಾಯಿ ಮಗನ ತಲೆ ಸವರಿ ನಿಟ್ಟುಸಿರಿಟ್ಟಳು. ಆದರೆ ಪಕ್ಕದಲ್ಲಿ ಬಿಲ್ಲು ನೋಡುತ್ತಿದ್ದ ದಪ್ಪ ಮ್ಯಾನೇಜರು ತಲೆಯೆತ್ತಿ ಹುಡುಗನನ್ನೊಮ್ಮೆ, ದೂರದ ಕುರ್ಚಿಯನ್ನೊಮ್ಮೆ ನೋಡಿದ.

ಚಹಾ ಬಿಡುವಿನಲ್ಲಿ ಅವಳು ಉಗ್ರಾಣದ ಬಾಗಿಲು ಮುಚ್ಚಿ ನಿಂತಳು.

“ಆ ಮನೆ ನಿಮ್ಮ ಸ್ನೇಹಿತರದಾ?”

ಅವನು ಗಡ್ಡ ಇಳಿಸಿದ. ಸುಳ್ಳು ಹೇಳಬಹುದಿತ್ತು, ಅದಕ್ಕೆ ಬೇಕಾದ ದನಿ ಅವನಲ್ಲಿತ್ತು. ಹೇಳಲಿಲ್ಲ.

“ಅಲ್ಲ.”

“ಎಷ್ಟು ದಿನದಿಂದ ಈ ಕೆಲಸ?”

“ಬೀಗದ ಕೆಲಸ ಕಲಿತಾಗಿನಿಂದ. ಇಲ್ಲಿ, ಮನೆ ಎಲ್ಲಿದೆ, ಯಾವಾಗ ಖಾಲಿ ಅಂತ ಮಕ್ಕಳು ಹೇಳಿದ್ದನ್ನ ನಾನು ಭಾವನಿಗೆ ಹೇಳ್ತೀನಿ. ಬೀಗ ತೆಗೆಯೋದು ನಾನು, ಹೊತ್ಕೊಂಡು ಹೋಗೋದು ಅವನು. ಆ ಮನೇಲಿ ಮಾತ್ರ ಏನೂ ಮುಟ್ಟಬೇಡ ಅಂದಿದ್ದೆ. ಕಾಲು ಹಿಡ್ಕೊಂಡು ಹೇಳಿದ್ದೆ. ನಿನಗೆ ತಲೆ ಕೆಟ್ಟಿದೆ ಅಂತ ಬೈದು, ನಾನು ಹಾಕಿದ ಬೀಗ ಮುರಿದು ಹೋಗಿದ್ದಾನೆ.”

“ನನ್ನನ್ನ ಯಾಕೆ ಅಲ್ಲಿಗೆ ಕರ್ಕೊಂಡು ಹೋದ್ರಿ?”

“ಬಾಗಿಲು ಬೇಕು ಅಂದ್ರಲ್ಲ. ನನ್ನ ಹತ್ರ ನಂದು ಅಂತ ಒಂದೂ ಇಲ್ಲ. ಏನು ಮಾಡ್ಲಿ?”

ಅವಳಿಗೆ ಅವನನ್ನು ಹೊಡೆಯಬೇಕೆನಿಸಿತು. ಆ ತಾಯಿಯ ಬಳೆ ನೆನಪಾಯಿತು. ಅದರ ಜೊತೆಗೇ, ಬೇಡ ಬೇಡವೆಂದರೂ, ಕಿಟಕಿಯ ಬಿಸಿಲೂ ನೆನಪಾಯಿತು.

“ಮ್ಯಾನೇಜರಿಗೆ ಅನುಮಾನ ಬಂದಿದೆ. ಇವತ್ತೇ ಹೊರಟುಹೋಗಿ” ಎಂದಳು.

“ನೀವೂ ಬರ್ತೀರಾ?”

“ಹುಚ್ಚಾ?”

“ಬೇರೆ ಊರಿಗೆ. ಭಾವನ ಸಹವಾಸ ಬಿಟ್ಟು. ಬೀಗ ರಿಪೇರಿ ಮಾಡಿದ್ರೂ ಎರಡು ಹೊಟ್ಟೆ ತುಂಬುತ್ತೆ.”

ಅವಳು ಗೋಡೆ ನೋಡಿದಳು. ಹೊರಗೆ ಯಾವುದೋ ಮಗು ಸಾಂಟಾ ಎಲ್ಲಿ ಎಂದು ರಂಪ ಮಾಡುತ್ತಿತ್ತು. ಕೊನೆಗೆ “ನಾಳೆ ಹೇಳ್ತೀನಿ” ಎಂದಳು. ಆ ಒಂದು ಮಾತನ್ನು ಅವಳು ಆಮೇಲೆ ಎಷ್ಟೋ ವರ್ಷ ಹಿಂದಕ್ಕೆ ತೆಗೆದುಕೊಳ್ಳಲು ನೋಡಿದಳು. ಆ ಕ್ಷಣವೇ ಬರಲ್ಲ ಎಂದಿದ್ದರೆ ಅವನು ಅಂದೇ ಊರು ಬಿಡುತ್ತಿದ್ದ. ಹೂಂ ಎಂದಿದ್ದರೆ ಇಬ್ಬರೂ ಬಿಡುತ್ತಿದ್ದರು. ನಾಳೆ ಎಂದದ್ದಕ್ಕೆ ಅವನು ನಾಳೆಯವರೆಗೆ ಉಳಿದ.

ಮಾರನೆಯ ದಿನ ಅವಳು ಒಂದು ಬಟ್ಟೆಯ ಚೀಲ ತಂದು ಮೇಜಿನ ಕೆಳಗಿಟ್ಟಳು. ಎರಡು ಸೀರೆ, ತಾಯಿಯ ಶಾಲು, ಬಾಚಣಿಗೆ. ಅತ್ತಿಗೆ ಕೇಳಿದ್ದಕ್ಕೆ ಒಗೆಯಲು ಕೊಡಲಿಕ್ಕೆ ಎಂದಿದ್ದಳು. ಸಾಂಟಾ ಕುರ್ಚಿಯಲ್ಲಿದ್ದ, ಸಾಲು ಉದ್ದವಿತ್ತು. ಎರಡು ಮಕ್ಕಳ ನಡುವೆ ಅವನು ತಲೆ ತಿರುಗಿಸಿ ಅವಳತ್ತ ನೋಡಿದ. ಅವಳು ಕಾಲಿನಿಂದ ಚೀಲವನ್ನು ಅವನಿಗೆ ಕಾಣುವಷ್ಟು ಹೊರಗೆ ಸರಿಸಿದಳು. ಅಷ್ಟೂ ಗಡ್ಡದ ಹಿಂದೆ ಅವನು ನಕ್ಕದ್ದು ಅವಳಿಗೆ ಕಂಡಿತು.

ಆ ಹೊತ್ತಿಗೇ ಲಿಫ್ಟಿನ ಬಾಗಿಲು ತೆರೆದು ಇನ್‌ಸ್ಪೆಕ್ಟರ್ ಮತ್ತು ಇಬ್ಬರು ಪೇದೆಗಳು ಬಂದರು. ಹಿಂದೆಯೇ ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತಾ ಓಡಿಬಂದ.

“ಸಾರ್, ದಮ್ಮಯ್ಯ, ಈಗ ಬೇಡ. ಇಷ್ಟು ಮಕ್ಕಳ ಮುಂದೆ ಸಾಂಟಾ ಕೈಗೆ ಬೇಡಿ ಹಾಕಿದ್ರೆ ನಾಳೆಯಿಂದ ಅಂಗಡಿಗೆ ಒಂದು ನೊಣಾನೂ ಬರಲ್ಲ. ಈ ಸಾಲು ಮುಗಿಸಿಬಿಡ್ಲಿ.”

ಇನ್‌ಸ್ಪೆಕ್ಟರ್ ಸಾಲನ್ನು ನೋಡಿದ. ಪೇದೆಗಳಿಗೆ ಮೆಟ್ಟಿಲ ಹತ್ತಿರ ನಿಲ್ಲಲು ಹೇಳಿ ತಾನು ನೇರ ಕುರ್ಚಿಯತ್ತ ನಡೆದ. ಸಾಲಿನಲ್ಲಿದ್ದ ಜುಟ್ಟಿನ ಹುಡುಗಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು, “ಪೊಲೀಸ್ ಮಾಮಾ, ಹಿಂದೆ ಹೋಗಿ! ನಾವು ಆಗ್ಲಿಂದ ನಿಂತಿದ್ದೀವಿ” ಎಂದು ಗದರಿಸಿದಳು. ತಾಯಂದಿರೆಲ್ಲ ನಕ್ಕರು. ಇನ್‌ಸ್ಪೆಕ್ಟರ್ ಕೆಂಪಾಗಿ ಹೋಗಿ ಸಾಲಿನ ಕೊನೆಯಲ್ಲಿ ನಿಂತ.

ಸಾಂಟಾ ಒಂದು ಮಗುವನ್ನೂ ಅವಸರಿಸಿ ಕಳಿಸಲಿಲ್ಲ. ಗೊಂಬೆ ಎಂದವರಿಗೆ ಗೊಂಬೆಯ ಕೂದಲಿನ ಬಣ್ಣ ಕೇಳಿದ, ಸೈಕಲ್ ಎಂದವರಿಗೆ ಗಂಟೆ ಎಡಕ್ಕೋ ಬಲಕ್ಕೋ ಎಂದು ಕೇಳಿದ. ಮನೆಯಲ್ಲಿ ಯಾರಿದ್ದೀರಿ, ಎಲ್ಲಿಗೆ ಹೋಗುತ್ತೀರಿ ಎಂದು ಮಾತ್ರ ಯಾರನ್ನೂ ಕೇಳಲಿಲ್ಲ. ಸಾಲು ಕರಗಿ ಕರಗಿ, ಕೊನೆಗೆ ಟೋಪಿ ತೆಗೆದು ಕೈಯಲ್ಲಿ ಹಿಡಿದ ಇನ್‌ಸ್ಪೆಕ್ಟರ್ ಒಬ್ಬನೇ ಉಳಿದ.

“ನಿಮಗೇನು ಬೇಕು ಸಾರ್?”

“ನೀನೇ ಬೇಕು ಕಣಯ್ಯಾ. ಏಳು.”

ಅವನು ಎದ್ದ. ದಿಂಬೊಂದು ಕೋಟಿನಿಂದ ಜಾರಿ ಬಿತ್ತು. ಗಂಟಿನಕ್ಕನ ಮೇಜಿನ ಮುಂದೆ ಹಾಯುವಾಗ ಇನ್‌ಸ್ಪೆಕ್ಟರ್ ತಡೆದ. “ನಿನ್ನ ಭಾವ ಬೆಳಿಗ್ಗೇನೇ ಸಿಕ್ಕಿದ್ದಾನೆ. ಎಲ್ಲ ಒಪ್ಕೊಂಡಿದ್ದಾನೆ. ಆದ್ರೆ ತಾನು ಚಹಾ ಕುಡೀಲಿಲ್ಲ ಅಂತಾನೆ. ಆ ಎರಡನೇ ಲೋಟ ಯಾರದು?”

ಅವಳು ಬಾಯಿ ತೆರೆದಳು. “ಅದು ನಾ—”

“ನಂದೇ ಸಾರ್” ಎಂದು ಅವನು ಅವಳ ಮಾತಿನ ಮೇಲೆಯೇ ಜೋರಾಗಿ ಹೇಳಿದ. “ಮೊದಲನೇದರಲ್ಲಿ ಸಕ್ಕರೆ ಕಡಿಮೆ ಆಗಿತ್ತು. ಇನ್ನೊಂದು ಮಾಡ್ಕೊಂಡೆ.”

“ಎರಡು ಲೋಟಾನೂ ತೊಳೆದು ಬೋರಲು ಹಾಕ್ದೆ?”

“ಅಕ್ಕ ಹಾಗೇ ಕಲಿಸಿದ್ದಾಳೆ ಸಾರ್.”

ಪೇದೆಯೊಬ್ಬ ಕಿಸಕ್ಕೆಂದ. ಅವನು ಅವಳ ಮುಖ ನೋಡದೆ ಲಿಫ್ಟಿನೊಳಗೆ ಹೋದ. ಸಂಜೆ ಅವಳು ಚೀಲವನ್ನು ಮನೆಗೆ ವಾಪಸು ತಂದಳು. “ಒಗೆಯೋಕೆ ಕೊಡಲಿಲ್ವಾ?” ಎಂದು ಅತ್ತಿಗೆ ಕೇಳಿದಳು. “ಅಂಗಡಿ ಮುಚ್ಚಿತ್ತು” ಎಂದಳು.

ಅವನನ್ನು ನೋಡಲು ಅವಳು ಜೈಲಿಗೆ ಮೊದಲ ಸಲ ಹೋದಾಗ, ಅಂಥ ಹೆಂಗಸು ತನಗೆ ಗೊತ್ತೇ ಇಲ್ಲ ಎಂದು ಅವನು ಒಳಗಿನಿಂದ ಹೇಳಿಕಳಿಸಿದ. ಎರಡನೆಯ ಸಲವೂ ಅದೇ. ಮೂರನೆಯ ಸಲ ಕಾವಲಿನವನು ಬೇಸರದಿಂದ, “ಸಂಬಂಧ ಏನಮ್ಮಾ? ಸರಿಯಾಗಿ ಹೇಳಿ” ಎಂದ.

“ಸೋದರತ್ತೆ ಮಗ” ಎಂದಳು.

ಸೋದರತ್ತೆಯ ಮಗನೆಂದರೆ ವರಸೆಯಲ್ಲಿ ಏನಾಗಬೇಕೆಂದು ಕಾವಲಿನವನಿಗೂ ಗೊತ್ತು. ಅವಳ ನರೆತ ಕೂದಲು ನೋಡಿ ತುಟಿಯಂಚಿನಲ್ಲೇ ನಕ್ಕು ಒಳಗೆ ಹೋದ. ಆ ಸಲ ಅವನು ಭೇಟಿಗೆ ಬಂದ. ಜಾಲರಿಯ ಆಚೆ ಇನ್ನಷ್ಟು ಸಣ್ಣಗಾಗಿದ್ದ.

“ನಿಮ್ಮ ಅಪ್ಪನಿಗೆ ತಂಗಿ ಇದ್ಲು ಅಂತ ನನಗೆ ಗೊತ್ತೇ ಇರಲಿಲ್ಲ” ಎಂದ.

“ನನಗೂ ಗೊತ್ತಿರಲಿಲ್ಲ” ಎಂದಳು.

ಅಲ್ಲಿಂದ ಮುಂದೆ ತಿಂಗಳಿಗೊಮ್ಮೆ ಹೋದಳು. ಬಡಗಿ ಕೆಲಸಕ್ಕೆ ಹಾಕಿದ್ದಾರೆ, ಕೆಮ್ಮು ಇದೆ, ಕಡಿಮೆಯಾಯಿತು, ಅಂಗಡಿಯಲ್ಲಿ ಹೊಸ ಸಾಂಟಾ ಹೇಗಿದ್ದಾನೆ, ಮಕ್ಕಳಿಗೆ ಹೆದರುತ್ತಾನೆ. ಇಂಥವೇ ಮಾತು. ಬಳೆ ಸಿಕ್ಕಿತೇ ಎಂದು ಒಮ್ಮೆ ಕೇಳಿದ. ಸಿಕ್ಕಿಲ್ಲ ಎಂದಳು.

ಬಿಡುಗಡೆಯ ದಿನ ಅವಳು ತಾಯಿಯ ಶಾಲು ಹೊದ್ದು ಗೇಟಿನ ಹತ್ತಿರ ನಿಂತಿದ್ದಳು. ಇಬ್ಬರೂ ಎದುರಿನ ಚಹಾದಂಗಡಿಯಲ್ಲಿ ಕೂತರು. ನಡುವೆ ಜಾಲರಿಯಿಲ್ಲದೆ ಹೇಗೆ ಮಾತಾಡಬೇಕೆಂದು ಇಬ್ಬರಿಗೂ ತೋಚಲಿಲ್ಲ.

“ಭಾವ ಇನ್ನೂ ಒಳಗೇ ಇರ್ತಾನೆ, ಅವನಿಗೆ ಶಿಕ್ಷೆ ಜಾಸ್ತಿ” ಎಂದ ಕೊನೆಗೆ. “ಅಕ್ಕ ಊರು ಬಿಟ್ಟು ಮಕ್ಕಳನ್ನ ಕಟ್ಕೊಂಡು ದೂರ ಹೋಗಿದ್ದಾಳೆ. ಮೂರು ಹೆಣ್ಣುಮಕ್ಕಳು. ಕೂಲಿ ಮಾಡ್ತಿದ್ದಾಳಂತೆ. ಭಾವನಿಗೆ ಮನೆ ತೋರಿಸಿದವನು ನಾನು. ಈಗ ಅವರನ್ನ ಬಿಟ್ಟು...”

“ಬಿಡಬೇಡಿ” ಎಂದಳು ಅವಳು. ಬೇರೆ ಏನು ಹೇಳಬಹುದಿತ್ತು? ತಾಯಿಯ ಮಂಚದ ಪಕ್ಕ ಅಷ್ಟು ವರ್ಷ ಕೂತವಳಿಗೆ ಆ ಮಾತು ಹೊಸದಲ್ಲ. “ನಾನೂ ಬರ್ಲಾ ಅಂತ ಕೇಳಲ್ಲ. ಅಲ್ಲಿ ಒಂದೇ ಕೋಣೆ ಇರಬೇಕು.”

“ಒಂದೇ” ಎಂದ.

ಬಸ್ಸಿನ ಕಿಟಕಿಯಿಂದ ಅವನು ಏನೋ ಹೇಳಿದ, ಎಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲ. ಕೇಳಿಸಿದವಳಂತೆ ತಲೆಯಾಡಿಸಿದಳು. ಅರ್ಧ ದಿನದ ರಜೆ ಹಾಕಿದ್ದಳು. ಮಧ್ಯಾಹ್ನಕ್ಕೆ ಅಂಗಡಿಗೆ ಹಿಂತಿರುಗಿದಳು.

ಈಗ ಅವಳ ತಲೆ ಪೂರ್ತಿ ಬೆಳ್ಳಗಾಗಿದೆ. ಜೋಕು ಹೇಳುತ್ತಿದ್ದ ದರ್ಜಿ ತೀರಿಹೋಗಿದ್ದಾನೆ. ಸಾಂಟಾ ಆಗಿದ್ದವನು ದೂರದ ಊರಿನ ಮರದಡ್ಡೆಯಲ್ಲಿ ಕಿಟಕಿ ಬಾಗಿಲು ಮಾಡುತ್ತಾನೆ. ಅಕ್ಕನ ದೊಡ್ಡ ಮಗಳ ಮದುವೆ ಮಾಡಿದ, ಇನ್ನಿಬ್ಬರದು ಬಾಕಿ. ಬರುತ್ತೇನೆ ಎಂದು ಅವನು ಹೇಳಿಲ್ಲ, ಬಾ ಎಂದು ಅವಳು ಕೇಳಿಲ್ಲ. ಅಂಗಡಿ ಕಿಕ್ಕಿರಿದಿರುವ ದಿನಗಳಲ್ಲೇ ಆಗೊಮ್ಮೆ ಈಗೊಮ್ಮೆ ಮೂರನೆಯ ಅಂತಸ್ತಿನ ಫೋನು ಹೊಡೆದುಕೊಳ್ಳುತ್ತದೆ. “ಗಂಟಿನಕ್ಕಾ, ನಿಮಗೆ!” ಎಂದು ಕೌಂಟರಿನ ಹುಡುಗಿ ಕೂಗುತ್ತಾಳೆ. ರಿಬ್ಬನ್ ಮಾರುವವನ ಫೋನು ಎಂದು ಮ್ಯಾನೇಜರು ನಂಬಿದ್ದಾನೆ. ಅವಳೂ ಅಲ್ಲ ಎಂದಿಲ್ಲ.

ಗಿರಾಕಿಗಳು ಸುತ್ತ ನಿಂತಿರುತ್ತಾರೆ, ಹೆಚ್ಚು ಮಾತಾಡುವಂತಿಲ್ಲ. ಆ ಕಡೆಯಿಂದ ಅವನೇ ಮಾತಾಡುತ್ತಾನೆ. ಹೋದ ಸಲ ಫೋನು ಮಾಡಿದಾಗ ಗರಗಸದ ಸದ್ದಿನ ನಡುವೆ ಕೇಳಿದ, “ಅಲ್ಲಿ ಚಳಿ ಶುರುವಾಯ್ತಾ?”

“ಹ್ಞೂಂ.”

“ಶಾಲು ಹೊದ್ಕೋತೀರಾ?”

“ಹ್ಞೂಂ.”

“ಸುತ್ತ ಜನ ಇದ್ದಾರಾ?”

“ಹ್ಞೂಂ” ಎಂದಳು. ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು, ಅವನಾಗಿ ಇಡುವವರೆಗೂ ಹಾಗೇ ನಿಂತಿದ್ದಳು.